ಬೇವಿನೆಣ್ಣೆಯ ಸೂಕ್ಷ್ಮ ಹನಿ, ಮನೆಯಂಗಳದ ಸೊಳ್ಳೆ

ಪ್ರತಿ ವರ್ಷ ಆಗಸ್ಟ್ 20ರಂದು ವಿಶ್ವ ಸೊಳ್ಳೆ ದಿನವನ್ನು ಆಚರಿಸಲಾಗುತ್ತದೆ. ಈ ದಿನಕ್ಕೂ ನಾವು ನೆಲೆಸಿರುವ ಅವಳಿ ನಗರಕ್ಕೂ ನೇರವಾದ ನಂಟಿದೆ. 1897ರ ಅದೇ ದಿನ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು, ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದಲ್ಲಿ ಆ ರೋಗದ ಪರೋಪಜೀವಿಯನ್ನು ಗುರುತಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಬೇಗಂಪೇಟೆಯಲ್ಲಿರುವ ಅವರ ಹೆಸರಿನ ಸಂಸ್ಥೆ ಈ ಸಾಧನೆಯ ನೆನಪನ್ನು ಉಳಿಸಿಕೊಂಡಿದೆ.

ಸೊಳ್ಳೆಯೇ ಅಪರಾಧಿಯೆಂದು ತಿಳಿದು ಶತಮಾನಕ್ಕೂ ಹೆಚ್ಚು ಕಾಲ ಸಂದರೂ ನಮ್ಮ ಆತಂಕ ತೀರಿಲ್ಲ. 2006ರಲ್ಲಿ ಆಂಧ್ರಪ್ರದೇಶ ಹಾಗೂ ಕರ್ನಾಟಕಗಳನ್ನು ಚಿಕುನ್‌ಗುನ್ಯಾ ಹಾಸಿಗೆ ಹಿಡಿಸಿದ್ದನ್ನು ಓದುಗರು ಮರೆತಿರಲಾರರು. ಮಳೆಗಾಲ ಬಂತೆಂದರೆ ಡೆಂಗಿಯ ಭಯ. ಅದನ್ನು ನೇರವಾಗಿ ಗುಣಪಡಿಸುವ ಔಷಧಿಯಿಲ್ಲದ ಕಾರಣ ಸೊಳ್ಳೆಯನ್ನು ತಡೆಯುವುದೇ ಮುಖ್ಯ ದಾರಿ. ಹೀಗಿರುವಾಗ, ಸಸ್ಯಗಳಿಂದ ತಯಾರಿಸಿದ ನ್ಯಾನೋ ಕೀಟನಾಶಕಗಳ ಸುದ್ದಿ ಸಹಜವಾಗಿಯೇ ಕುತೂಹಲ ಕೆರಳಿಸುತ್ತದೆ. ಇವು ಯಾವುವು, ಇವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲಿಗೆ, ಹೊಸ ಕೀಟನಾಶಕದ ಅಗತ್ಯವೇಕೆ? 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಡಿ.ಡಿ.ಟಿ.ಯ ಬಲದಿಂದ ಆರಂಭದಲ್ಲಿ ಅದ್ಭುತ ಯಶಸ್ಸು ಕಂಡಿತು. ಆದರೆ 1976ರ ವೇಳೆಗೆ ದೇಶದಲ್ಲಿ ಮಲೇರಿಯಾ ಪ್ರಕರಣಗಳು ಮತ್ತೆ 64 ಲಕ್ಷವನ್ನು ಮುಟ್ಟಿದವು. ಇದಕ್ಕೆ ಆಡಳಿತದ ಸಡಿಲಿಕೆಯೊಡನೆ, ಸೊಳ್ಳೆಗಳು ವಿಷವನ್ನು ಸಹಿಸುವ ಶಕ್ತಿ ಬೆಳೆಸಿಕೊಂಡದ್ದೂ ಕಾರಣವಾಗಿತ್ತು. ನಂತರ ಬಂದ ಪೈರೆಥ್ರಾಯಿಡ್‌ಗಳಿಗೂ ಅನೇಕ ಕಡೆ ಇದೇ ಗತಿಯಾಗಿದೆ. ಒಂದೇ ವಿಷವನ್ನು ಮತ್ತೆ ಮತ್ತೆ ಬಳಸಿದಾಗ, ಅದನ್ನು ತಾಳಿಕೊಂಡು ಬದುಕಿದ ಸೊಳ್ಳೆಗಳ ಸಂತತಿಯೇ ಹೆಚ್ಚುತ್ತದೆ.

ಸಸ್ಯಮೂಲದ ಕೀಟನಾಶಕ ಹೊಸ ಕಲ್ಪನೆಯೇನಲ್ಲ. ಪೈರೆಥ್ರಾಯಿಡ್‌ಗಳಿಗೆ ಮಾದರಿಯಾದದ್ದೇ ಸೇವಂತಿಗೆಯ ಬಳಗಕ್ಕೆ ಸೇರಿದ ಒಂದು ಹೂವಿನ ರಸ. ನಮ್ಮ ಹಿರಿಯರು ಕಾಳಿನ ಚೀಲದಲ್ಲಿ ಬೇವಿನ ಎಲೆ ಹಾಕಿಡುತ್ತಿದ್ದುದರ ಹಿಂದೆಯೂ ಇದೇ ಅರಿವಿತ್ತು. ಬೇವಿನ ಬೀಜದಲ್ಲಿರುವ ಅಜಾಡಿರಕ್ಟಿನ್ ಎಂಬ ವಸ್ತುವು ಕೀಟಗಳ ಮರಿಗಳು ಪೊರೆ ಕಳಚಿ ಬೆಳೆಯುವುದನ್ನೇ ಕೆಡಿಸುತ್ತದೆ. ಜೊತೆಗೆ ಬೇವಿನಲ್ಲಿ ಒಂದಲ್ಲ, ಹಲವು ಸಂಯುಕ್ತಗಳು ಏಕಕಾಲದಲ್ಲಿ ಕೆಲಸ ಮಾಡುವುದರಿಂದ ಸೊಳ್ಳೆಗಳು ಅದಕ್ಕೆ ಬೇಗನೆ ಒಗ್ಗಿಕೊಳ್ಳಲಾರವು ಎಂಬ ನಿರೀಕ್ಷೆಯಿದೆ. ಆದರೆ ತೊಡಕುಗಳು ಎರಡು: ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಬಿಸಿಲಿಗೆ ಅಜಾಡಿರಕ್ಟಿನ್ ಬೇಗ ಸತ್ವಹೀನವಾಗುತ್ತದೆ.

ನ್ಯಾನೋ ತಂತ್ರಜ್ಞಾನವು ನೆರವಿಗೆ ಬರುವುದು ಇಲ್ಲಿಯೇ. ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಬೇವಿನೆಣ್ಣೆಗೆ ಸಾಬೂನಿನಂಥ ಬೆರಕೆಕಾರಕವನ್ನು ಸೇರಿಸಿ, ಶ್ರವಣಾತೀತ ಧ್ವನಿತರಂಗಗಳಿಂದ ಒಡೆದಾಗ ಅತಿ ಸೂಕ್ಷ್ಮ ಹನಿಗಳು ನೀರಿನಲ್ಲಿ ಸಮನಾಗಿ ಹರಡುತ್ತವೆ. ವೆಲ್ಲೂರಿನ ವಿ.ಐ.ಟಿ. ಸಂಶೋಧಕರು 2012ರಲ್ಲಿ ಸುಮಾರು 31 ನ್ಯಾನೋಮೀಟರ್ ಗಾತ್ರದ ಹನಿಗಳುಳ್ಳ ಇಂಥ ದ್ರಾವಣವನ್ನು ತಯಾರಿಸಿ, ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಯ ಮರಿಗಳನ್ನು ಅದು ಕೊಲ್ಲುವುದನ್ನು ತೋರಿಸಿದರು. ಹನಿ ಕಿರಿದಾದಷ್ಟೂ ಅದೇ ಪ್ರಮಾಣದ ಎಣ್ಣೆಯ ಒಟ್ಟು ಮೇಲ್ಮೈ ಹೆಚ್ಚುತ್ತದೆ. ಹಾಗಾಗಿ ಕಡಿಮೆ ಎಣ್ಣೆಯಿಂದಲೇ ಹೆಚ್ಚು ಪರಿಣಾಮ ಸಾಧ್ಯ.

ಎರಡನೆಯ ಮಾರ್ಗ ಬೆಳ್ಳಿಯದು. ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೇರಿಸಿದರೆ, ಎಲೆಯಲ್ಲಿರುವ ಸಂಯುಕ್ತಗಳು ಬೆಳ್ಳಿಯ ನ್ಯಾನೋ ಕಣಗಳನ್ನು ರೂಪಿಸುತ್ತವೆ. ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. 2011ರಲ್ಲಿ ತಮಿಳುನಾಡಿನ ವಿಜ್ಞಾನಿಗಳು ತಾವರೆ ಎಲೆಯಿಂದ ತಯಾರಿಸಿದ ಇಂಥ ಕಣಗಳು ಮಲೇರಿಯಾ ಮತ್ತು ಆನೆಕಾಲು ರೋಗದ ಸೊಳ್ಳೆಮರಿಗಳಿಗೆ ಮಾರಕವೆಂದು ವರದಿ ಮಾಡಿದರು.

ಆದರೆ ಇಲ್ಲಿ ನಾವು ಎಚ್ಚರ ವಹಿಸಬೇಕು. ಎರಡನೆಯ ಬಗೆಯಲ್ಲಿ ಸೊಳ್ಳೆಮರಿಯನ್ನು ಕೊಲ್ಲುವುದು ಮುಖ್ಯವಾಗಿ ಬೆಳ್ಳಿಯೇ. ಎಲೆಯ ರಸ ಅದನ್ನು ತಯಾರಿಸುವ ಸಾಧನ ಮಾತ್ರ. ಬೆಳ್ಳಿ ಬೇವಿನಂತೆ ಬಿಸಿಲಿಗೆ ಕರಗಿಹೋಗುವುದಿಲ್ಲ. ಕೆರೆಯ ತಳದಲ್ಲಿ ಉಳಿಯುತ್ತದೆ. ಸೊಳ್ಳೆಮರಿಗಳನ್ನು ತಿನ್ನುವ ಮೀನುಗಳಿಗೂ ಸಣ್ಣ ಜಲಚರಗಳಿಗೂ ಅದು ಅಪಾಯಕಾರಿಯಾಗಬಲ್ಲದು. ‘ಸಸ್ಯಜನ್ಯ’ ಎಂಬ ಹೆಸರು ಕಂಡಮಾತ್ರಕ್ಕೆ ನಿರುಪದ್ರವಿ ಎಂದು ಭಾವಿಸಲಾಗದು. ಅಲ್ಲದೆ ಈ ಪ್ರಯೋಗಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ, ಒಂದೆರಡು ದಿನಗಳ ಅವಧಿಯಲ್ಲಿ ನಡೆದಂಥವು. ಮೂಸಿ ನದಿಯ ಕೊಳೆನೀರು, ನಮ್ಮ ಮನೆಯ ಹೌಜು ಬೇರೆಯೇ ಪರೀಕ್ಷೆ. ಆದ್ದರಿಂದ ಸರ್ಕಾರದ ನೋಂದಣಿಯಿಲ್ಲದ ‘ನ್ಯಾನೋ ಬೇವು’ ಸೀಸೆಗಳನ್ನು ಕುಡಿಯುವ ನೀರಿಗೆ ಹಾಕಬಾರದೆಂದು ಓದುಗರಲ್ಲಿ ವಿನಂತಿಸುತ್ತೇವೆ.

ಹಾಗಾದರೆ ಸದ್ಯಕ್ಕೆ ಮಾಡಬೇಕಾದುದೇನು? ಉತ್ತರ ಮತ್ತೆ ರಾಸ್ ಅವರ ಜೀವನದಲ್ಲೇ ಇದೆ, ಅದೂ ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿ ಸೇನಾ ವೈದ್ಯರಾಗಿದ್ದಾಗ ಬಂಗಲೆಯಲ್ಲಿ ಸೊಳ್ಳೆ ಕಾಟ ಹೆಚ್ಚಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳಿರುವುದನ್ನು ಕಂಡು ಅದನ್ನು ಬರಿದು ಮಾಡಿಸಿದರು, ಕಾಟ ತಗ್ಗಿತು. ಮಲೇರಿಯಾದ ಗುಟ್ಟು ತಿಳಿಯುವುದಕ್ಕೆ 14 ವರ್ಷ ಮೊದಲಿನ ಮಾತಿದು.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಹುಟ್ಟುತ್ತದೆ. ದಿನ ಬಿಟ್ಟು ದಿನ ನಲ್ಲಿನೀರು ಬರುವ ಬಡಾವಣೆಗಳ ಡ್ರಮ್ಮು, ಬೇಸಿಗೆ ಮುಗಿದ ಮೇಲೆ ಮರೆತುಬಿಟ್ಟ ಏರ್‌ಕೂಲರ್, ಹೂಕುಂಡದ ತಟ್ಟೆ, ಮಾಳಿಗೆಯ ಮೇಲಿನ ಹಳೆಯ ಟೈರು ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರನ್ನು ಚೆಲ್ಲಿ, ಪಾತ್ರೆಯ ಒಳಬದಿಯನ್ನು ತಿಕ್ಕಿ ತೊಳೆದರೆ ಆ ಸರಪಳಿ ಕಡಿಯುತ್ತದೆ. ತಿಕ್ಕುವುದು ಅವಶ್ಯ, ಏಕೆಂದರೆ ಅಂಚಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು.

ಬೇವಿನ ನ್ಯಾನೋ ಹನಿಗಳು ಮುಂದೊಂದು ದಿನ ಪರೀಕ್ಷೆಗಳನ್ನೆಲ್ಲ ದಾಟಿ ನಮ್ಮ ಕೈಸೇರಲಿ ಎಂದು ಹಾರೈಸೋಣ. ಆಗಲೂ ಅವು ನಾವು ಬರಿದುಮಾಡಲಾಗದ ನೀರಿಗೆ ಮಾತ್ರ ಬೇಕಾಗುತ್ತವೆ. ಬರಿದುಮಾಡಬಹುದಾದ ನೀರಿನ ಹೊಣೆ ನಮ್ಮದೇ. ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮಾಳಿಗೆಗೆ ಹೋಗಿ ಬರೋಣ.