ಹೆಸರು ಹೊತ್ತ ತೊಗಲು

ಬೀಗ ತೆರೆಯುವ ಉಪಕರಣಕ್ಕೆ ಕನ್ನಡವು ‘ಬೀಗದ ಕೈ’ ಎಂದು ಹೆಸರಿಟ್ಟಿದೆ. ದಿನಕ್ಕೆ ಹತ್ತಾರು ಸಲ ನಮ್ಮ ಕೈ ಈ ಕೈಯನ್ನು ಹಿಡಿಯುತ್ತದೆ. ಆ ಹಿಡಿತದ ನಡುವೆ ತನ್ನ ಅಂಗಡಿಯ ಹೆಸರೂ ಇರಲಿ ಎಂದು ವರ್ತಕನು ಬಯಸಿದರೆ ತಪ್ಪೇನಿಲ್ಲ. ಗೋಡೆಯ ಕ್ಯಾಲೆಂಡರಿಗೆ ಹನ್ನೆರಡು ತಿಂಗಳ ಆಯುಷ್ಯ. ಹೆಸರೊತ್ತಿದ ತೊಗಲಿನ ಕೀಚೈನು ಒಳ್ಳೆಯದಾಗಿದ್ದರೆ ವರ್ಷಗಟ್ಟಲೆ ಜೇಬಿನಲ್ಲಿರುತ್ತದೆ. ದೀಪಾವಳಿಗೆ ಮುನ್ನ ಚಿತ್ರದುರ್ಗದ ವರ್ತಕ ಮಿತ್ರರು ಈ ಕೊಡುಗೆಯ ವಿಷಯವಾಗಿ ನನ್ನನ್ನು ವಿಚಾರಿಸುವುದುಂಟು. ಬೆಲೆ ಕೇಳುವ ಮೊದಲು ತೊಗಲು ಹದವಾದ ಬಗೆಯನ್ನು ಕೇಳಿರಿ ಎನ್ನುತ್ತೇನೆ.

ಹದದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಹಳೆಯದು ತೊಗಟೆಯ ಒಗರಿನದು. ನಮ್ಮ ಒಣ ಬಯಲುಗಳಲ್ಲಿ ಹಳದಿ ಹೂ ಹೊತ್ತು ನಿಲ್ಲುವ ಆವರಿಕೆಯ ತೊಗಟೆ ದಕ್ಷಿಣದ ಚರ್ಮಕಾರರಿಗೆ ಬಹುಕಾಲ ಒದಗಿಬಂದ ಸಾಮಗ್ರಿ. ಆ ಒಗರು ಚರ್ಮದ ನಾರುಗಳಿಗೆ ಅಂಟಿ, ಕೊಳೆಯದಂತೆ ಕಾಯುತ್ತದೆ. ಕೆಲಸಕ್ಕೆ ವಾರಗಳೇ ಬೇಕು. 19ನೆಯ ಶತಮಾನದ ಕೊನೆಯಲ್ಲಿ ಬಂದ ಕ್ರೋಮಿಯಂ ಲವಣದ ಹದ ಬಹುಬೇಗ ಮುಗಿಯುತ್ತದೆ. ತೊಗಲು ಮೃದುವಾಗುತ್ತದೆ, ನೀರನ್ನೂ ಹೆಚ್ಚು ತಾಳುತ್ತದೆ. ಆದರೆ ಅದರ ಮೇಲೆ ಅಚ್ಚೊತ್ತಿದರೆ ರಬ್ಬರಿನಂತೆ ಮತ್ತೆ ಮೇಲೇಳುವ ಸ್ವಭಾವ. ಆಗ ಹೆಸರನ್ನು ಬಣ್ಣದಿಂದಲೇ ಮುದ್ರಿಸಬೇಕು. ಜೇಬಿನ ಚಿಲ್ಲರೆಯ ಉಜ್ಜಾಟಕ್ಕೆ ಆ ಬಣ್ಣ ಬೇಗ ಸವೆಯುತ್ತದೆ. ಒಗರಿನಿಂದ ಹದಗೊಂಡ ತೊಗಲನ್ನಾದರೋ ತುಸು ತೇವಗೊಳಿಸಿ ಬೆಚ್ಚನೆಯ ಹಿತ್ತಾಳೆಯ ಅಚ್ಚಿನಿಂದ ಒತ್ತಿದರೆ ಗುರುತು ನಿಲ್ಲುತ್ತದೆ. ಅಂಗೈಯ ಜಿಡ್ಡು ತಗಲಿದಷ್ಟೂ ಬಣ್ಣ ಗಾಢವಾಗುತ್ತದೆ.

ಮಾದರಿ ಕೈಗೆ ಬಂದಾಗ ಅಂಚನ್ನು ನೋಡಬೇಕು. ರೆಕ್ಸಿನ್ನಿನ ಅಂಚಿನಲ್ಲಿ ಬಟ್ಟೆಯ ಎಳೆ ಇಣುಕುತ್ತದೆ. ತೊಗಲಿನ ಪುಡಿಯನ್ನು ಅಂಟಿನಿಂದ ಕೂಡಿಸಿದ ಹಾಳೆ ಮಡಿಸಿದೆಡೆಯಲ್ಲಿ ಬಿರಿಯುತ್ತದೆ. ಬೆನ್ನಿನ ಭಾಗದ ತೊಗಲು ಬಿಗಿ, ಹೊಟ್ಟೆಯದು ಸಡಿಲ. ಉಂಗುರ ಉಕ್ಕಿನದಾಗಿರಲಿ. ಅದು ಬಾಯಿ ಬಿಟ್ಟು ಬೀಗದ ಕೈ ಕಳೆದುಹೋದರೆ ಗ್ರಾಹಕನು ನಿಮ್ಮನ್ನು ಖಂಡಿತ ನೆನೆಯುತ್ತಾನೆ, ನೀವು ಬಯಸಿದ ರೀತಿಯಲ್ಲಲ್ಲ!

ಅಚ್ಚಿನ ಅಕ್ಷರದಲ್ಲಿ ನಮ್ಮ ಲಿಪಿಯದೇ ಒಂದು ತೊಡಕಿದೆ. ‘ಹಿರಿಯೂರು’ ಎಂಬ ಹೆಸರಿಗೆ ಒತ್ತಕ್ಷರವಿಲ್ಲ. ಕಿರಿದಾದ ಪಟ್ಟಿಯಲ್ಲಿಯೂ ಸುಖವಾಗಿ ಕೂರುತ್ತದೆ. ‘ಹೊಳಲ್ಕೆರೆ’ ಕೆಳಗೆ ಜಾಗ ಕೇಳುತ್ತದೆ, ‘ಹೊಸದುರ್ಗ’ದ ಅರ್ಕಾವತ್ತು ಪಕ್ಕದಲ್ಲಿ ಕೇಳುತ್ತದೆ, ‘ಚಿತ್ರದುರ್ಗ’ಕ್ಕೆ ಎರಡೂ ಬೇಕು. ಅಕ್ಷರ ಚಿಕ್ಕದಾದರೆ ಒತ್ತುಗಳ ಹೊಟ್ಟೆ ಮುಚ್ಚಿ ಬರಿಯ ಚುಕ್ಕೆಯಾಗುತ್ತದೆ. ಇಷ್ಟಾದ ಮೇಲೂ ದೂರವಾಣಿ ಸಂಖ್ಯೆ, ವಿಳಾಸ, ಕುಲದೇವರ ಚಿತ್ರ ಎಲ್ಲವನ್ನೂ ಎರಡು ಬೆರಳಗಲದಲ್ಲಿ ತುರುಕುವವರಿದ್ದಾರೆ. ಹೆಸರು, ಊರು, ಅಷ್ಟು ಸಾಕು.

ಪಡೆಯುವವರು ಯಾರೆಂಬುದನ್ನೂ ಯೋಚಿಸಬೇಕು. ಬೆಂಗಳೂರು–ಪುಣೆ ಹೆದ್ದಾರಿಯ ಹಿರಿಯೂರಿನಲ್ಲಿ ಲಾರಿಯವರಿಗೆ ಕೊಡುವುದಾದರೆ ದಪ್ಪ ಪಟ್ಟಿಯೇ ಸರಿ. ಹೊಳಲ್ಕೆರೆಯ ಅಡಕೆ ತೋಟದಲ್ಲಿ ಪಂಪಿನ ಮನೆಯ ಬೀಗದ ಕೈ ಕೆಸರು ನೀರಿನಲ್ಲೇ ಓಡಾಡುತ್ತದೆ; ನೆನೆದು ಒಣಗಿದ ತೊಗಲು ಬಿರುಸಾಗುವುದರಿಂದ ಅಲ್ಲಿಗೆ ಹಿತ್ತಾಳೆಯ ಬಿಲ್ಲೆಯೇ ಮೇಲು.

ಇನ್ನೊಂದು ಸೂಕ್ಷ್ಮವಿದೆ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅಂಗಡಿಯ ಬೀಗದ ಕೈಗಳನ್ನೂ ಇಡುವ ಮನೆಗಳುಂಟು. ಅಲ್ಲಿಗೆ ತೊಗಲು ಬಾರದು. ಜೀವದಯೆಯಿಂದ ಒಲ್ಲೆನ್ನುವವರಿಗೆ ಬೇರೊಂದನ್ನು ಕೊಡುವುದು ಸೌಜನ್ಯ. ಆದರೆ ಈ ಹಿಂಜರಿಕೆಯೊಳಗೆ ತೊಗಲಿನ ಮೇಲಿನ ಅಸಡ್ಡೆಯಲ್ಲ, ಅದನ್ನು ಹದಮಾಡಿದ ಜನರ ಮೇಲಿನ ಅಸಡ್ಡೆ ಅಡಗಿರುವುದೂ ಉಂಟು. ಅದಕ್ಕೆ ನಾನು ಗೌರವ ಕೊಡಲಾರೆ. ಬಸವಣ್ಣನವರು ಒಂದು ಶರಣು ಹೆಚ್ಚಾಗಿ ಹೇಳಿದರೆಂಬ ಋಣಕ್ಕೆ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು, ಅವರು ಅದನ್ನು ತಲೆಯ ಮೇಲಿಟ್ಟುಕೊಂಡರು ಎಂಬ ಕಥೆ ಕನ್ನಡ ನಾಡಿಗೆಲ್ಲ ತಿಳಿದದ್ದು. ಅಲ್ಲಿ ಕೊಟ್ಟವರೇ ಮಾಡಿದವರು. ನಮ್ಮ ಕೀಚೈನಿನಲ್ಲಿ ಕೊಟ್ಟವನ ಹೆಸರಿದೆ, ಮಾಡಿದವನದಿಲ್ಲ.

ಚರ್ಮಕಾರರ ಏಳಿಗೆಗಾಗಿ ರಾಜ್ಯದಲ್ಲಿ ಲಿಡ್ಕರ್ ನಿಗಮವಿದೆ. ಊರೂರುಗಳಲ್ಲಿ ಕೈಕೆಲಸದವರೂ ಇದ್ದಾರೆ. ಅವರಲ್ಲಿ ಮಾಡಿಸುವವರು ಹಬ್ಬದ ಹಿಂದಿನ ವಾರ ಅವಸರಪಡಿಸದೆ, ಎರಡು ತಿಂಗಳು ಮೊದಲೇ ಮುಂಗಡ ಕೊಟ್ಟು ಮಾತಾಡಲಿ. ಅಚ್ಚಿನ ಖರ್ಚು ಒಮ್ಮೆ ಮಾತ್ರ. ಪಟ್ಟಿಯ ಹಿಂಬದಿ ಹೇಗೂ ಖಾಲಿ. ಮಾಡಿದವನು ಒಪ್ಪಿದರೆ ಅವನ ಗುರುತಿಗೊಂದು ಸಣ್ಣ ಅಚ್ಚನ್ನೂ ಜೊತೆಯಲ್ಲೇ ಕೊರೆಸಬಹುದು.