ಮಕ್ಕಳ ರಕ್ತಹೀನತೆ ಮತ್ತು ಕೊಕ್ಕೆಹುಳು: ಹೊಲದಲ್ಲೇ ಆರಂಭವಾಗಬೇಕಾದ ಹತೋಟಿ

ಪಾಠದಲ್ಲಿ ಗಮನವಿಲ್ಲ, ಸ್ವಲ್ಪ ಓಡಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳುಚು. ರೈತ ಬಾಂಧವರೆ, ಇಂಥ ಮಗುವನ್ನು ಸೋಮಾರಿಯೆಂದು ಗದರಬೇಡಿ. ಅದಕ್ಕೆ ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ವಯಸ್ಸಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿ ರಕ್ತಹೀನರು.

ಇದಕ್ಕೆ ಮುಖ್ಯ ಕಾರಣ ಆಹಾರದಲ್ಲಿ ಕಬ್ಬಿಣದ ಕೊರತೆ. ಇನ್ನೊಂದು ಕಾರಣ ಕರುಳಿನಲ್ಲಿ ವಾಸಿಸುವ ಕೊಕ್ಕೆಹುಳು.

ಹುಳು ಮೈಸೇರುವ ಬಗೆ

ಸೋಂಕು ತಗುಲಿದವರ ಮಲದಲ್ಲಿ ಹುಳುವಿನ ಮೊಟ್ಟೆಗಳಿರುತ್ತವೆ. ನೆರಳು ಮತ್ತು ತೇವವಿರುವ ಮಣ್ಣಿನಲ್ಲಿ ಅವು ಒಂದೆರಡು ದಿನಗಳಲ್ಲಿ ಒಡೆದು, 5ರಿಂದ 10 ದಿನಗಳಲ್ಲಿ ಮೈಸೇರಬಲ್ಲ ಮರಿಗಳಾಗುತ್ತವೆ. ಅನುಕೂಲವಿದ್ದರೆ ಮೂರು ನಾಲ್ಕು ವಾರ ಕಾದಿರುತ್ತವೆ. ಬರಿಗಾಲಿನ ಚರ್ಮವನ್ನು ತೂರಿ ರಕ್ತದ ಮೂಲಕ ಶ್ವಾಸಕೋಶಕ್ಕೂ, ಅಲ್ಲಿಂದ ಗಂಟಲಿಗೂ ಬಂದು, ಉಗುಳಿನೊಡನೆ ನುಂಗಲ್ಪಟ್ಟು ಸಣ್ಣ ಕರುಳನ್ನು ಸೇರುತ್ತವೆ. ಮರಿಗಳು ಹೊಕ್ಕ ಜಾಗದಲ್ಲಿ ತುರಿಕೆ ಕಾಣಬಹುದು.

ಕರುಳಿನ ಗೋಡೆಯನ್ನು ಕಚ್ಚಿ ಹಿಡಿದ ಹುಳು ರಕ್ತ ಹೀರುತ್ತದೆ. ಒಂದು ಜಾತಿಯ ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿ.ಲೀ., ಇನ್ನೊಂದು ಜಾತಿಯಿಂದ 0.15ರಿಂದ 0.2 ಮಿ.ಲೀ. ರಕ್ತ ನಷ್ಟವಾಗುತ್ತದೆ. ಎರಡನೆಯ ಜಾತಿಯ ನೂರು ಹುಳುಗಳಿದ್ದರೆ ದಿನವೂ 15ರಿಂದ 20 ಮಿ.ಲೀ. ಹತ್ತು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 800 ಮಿ.ಲೀ. ಮಾತ್ರ. ಹುಳುವನ್ನು ಬಿಟ್ಟು ಬರೀ ಟಾನಿಕ್ ಕುಡಿಸುವುದು ತೂಬು ಮುಚ್ಚದೆ ಕೆರೆ ತುಂಬಿಸಿದಂತೆ.

ಪಟ್ಟಣದ ಮಲ, ಹಳ್ಳಿಯ ಹೊಲ

ಬೆಂಗಳೂರಿನ ಎನ್.ಆರ್. ಕಾಲೋನಿಯಂಥ ಹಳೆಯ ಬಡಾವಣೆಗಳಲ್ಲಿ ಒಳಚರಂಡಿಯಿದೆ. ಅದಿಲ್ಲದ ಹೊರವಲಯದ ಮನೆಗಳ ಶೌಚಗುಂಡಿಗಳನ್ನು ಟ್ಯಾಂಕರುಗಳು ಖಾಲಿ ಮಾಡುತ್ತವೆ. ನಗರದ ಸುತ್ತಲಿನ ಕೆಲವು ರೈತರು ಈ ರಾಡಿಯನ್ನು ಬಾಳೆ, ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ಇದರಲ್ಲಿ ಸಾರವಿರುವುದು ನಿಜ. ಆದರೆ ಹಸಿಯಾಗಿ ಹರಿಸಿದರೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ನಿಮ್ಮ ಮಕ್ಕಳಿಗೇ ಮೊದಲು ಅಪಾಯ. ದುಂಡುಹುಳುವಿನ ಮೊಟ್ಟೆಗಳು ಸೊಪ್ಪಿಗಂಟಿ ನಗರದ ಮನೆಗಳನ್ನೂ ತಲುಪಬಹುದು.

ಕೈಗೊಳ್ಳಬೇಕಾದ ಕ್ರಮಗಳು

1. ಬಯಲು ಶೌಚ ಬೇಡ. ಜೋಡಿಗುಂಡಿ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಮುಚ್ಚಿ, ಒಂದೂವರೆ ಎರಡು ವರ್ಷ ಬಿಟ್ಟು, ಒಣಗಿ ಪುಡಿಯಾದ ನಂತರವೇ ಗೊಬ್ಬರ ತೆಗೆಯಿರಿ.

2. ಟ್ಯಾಂಕರಿನ ಹಸಿ ರಾಡಿಯನ್ನು ಹೊಲಕ್ಕೆ ಹರಿಸಬೇಡಿ. ಸೊಪ್ಪು, ಮೂಲಂಗಿ, ಈರುಳ್ಳಿ ಬೆಳೆಗಳಿಗಂತೂ ಬೇಡವೇ ಬೇಡ.

3. ತೋಟದ ಕೆಲಸಕ್ಕೆ ದೊಡ್ಡವರು ಬೂಟು ಧರಿಸಲಿ. ಮಕ್ಕಳಿಗೆ ಚಪ್ಪಲಿ ಇರಲಿ.

4. ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. 2 ವರ್ಷ ಮೇಲ್ಪಟ್ಟವರಿಗೆ 400 ಮಿ.ಗ್ರಾಂ.ನ ಒಂದು ಮಾತ್ರೆ, 1ರಿಂದ 2 ವರ್ಷದವರಿಗೆ ಅರ್ಧ ಮಾತ್ರೆ ಪುಡಿ ಮಾಡಿ. ಮಗುವಿಗೆ ಕಾಯಿಲೆಯಿದ್ದರೆ ಮೊದಲು ತಿಳಿಸಿರಿ.

5. ರಾಗಿ, ಕಾಳು, ಸೊಪ್ಪಿನ ಊಟದೊಡನೆ ನಿಂಬೆರಸ ಅಥವಾ ನೆಲ್ಲಿಕಾಯಿ ಕೊಡಿ. ಇದರಿಂದ ಕಬ್ಬಿಣ ಮೈಗೆ ಹೆಚ್ಚು ಹಿಡಿಯುತ್ತದೆ. ಊಟದೊಡನೆ ಟೀ, ಕಾಫಿ ಬೇಡ.

ಮಾತ್ರೆ ಹುಳುವನ್ನು ಕೊಲ್ಲುತ್ತದೆ. ಕಳೆದುಹೋದ ಕಬ್ಬಿಣವನ್ನು ತುಂಬುವುದಿಲ್ಲ. ಮಣ್ಣಿನಲ್ಲಿ ಮರಿಗಳಿದ್ದರೆ ಹುಳು ಮತ್ತೆ ಬರುತ್ತದೆ. ಕರ್ನಾಟಕದ ಎರಡು ಜಿಲ್ಲೆಗಳ ಹಳ್ಳಿಗಳಲ್ಲಿ 12ರಿಂದ 23 ತಿಂಗಳ 401 ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 75.3ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಅದು ಹೆಚ್ಚಾಗಿ ಕಬ್ಬಿಣದ ಕೊರತೆಯೊಡನೆ ಸೇರಿಕೊಂಡಿತ್ತು. ತಾಯಿಯ ರಕ್ತಹೀನತೆ ಮತ್ತು ಮನೆಯ ಬಡತನದೊಡನೆಯೂ ಸಂಬಂಧವಿತ್ತು. ಆದುದರಿಂದ ಎಲ್ಲವನ್ನೂ ಹುಳುವಿನ ಮೇಲೆ ಹಾಕಬೇಡಿ. ಬಿಳುಚಿಕೊಂಡ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಮತ್ತು ಮಲ ಎರಡನ್ನೂ ಪರೀಕ್ಷೆ ಮಾಡಿಸಿರಿ. ತಾಯಿಯ ರಕ್ತವನ್ನೂ ಅಂದೇ ನೋಡಿಸಿರಿ.