ತೇಲಿದ್ದೆಷ್ಟು, ಮುಳುಗಿದ್ದೆಷ್ಟು: ಕಲ್ಲಿದ್ದಲಿನ ತೊಳೆಯುವ ಗುಣವನ್ನು ಅಳೆದ ಬಗೆ

ಗಣಿಯಿಂದ ಮೇಲೆ ಬಂದ ಕಲ್ಲಿದ್ದಲು ಎಂದೂ ಬರೀ ಇದ್ದಲಾಗಿರುವುದಿಲ್ಲ. ಪದರಗಳ ನಡುವಿನ ಜೇಡಿಶಿಲೆ, ಮರಳುಗಲ್ಲು, ಅಲ್ಲಲ್ಲಿ ಗಂಧಕ ಬೆರೆತ ಪೈರೈಟ್ ಅದರೊಂದಿಗೇ ಬರುತ್ತವೆ. ಉರಿದ ಮೇಲೆ ಇವು ಬೂದಿಯಾಗಿ ಉಳಿಯುವುದರಿಂದ, ಮೊದಲೇ ತೊಳೆದು ಬೇರ್ಪಡಿಸುವ ವಾಷರಿಗಳು ಹುಟ್ಟಿಕೊಂಡವು. ಆದರೆ ಬೂದಿಯ ಪ್ರಮಾಣ ಒಂದೇ ಆಗಿರುವ ಎರಡು ಕಲ್ಲಿದ್ದಲುಗಳಲ್ಲಿ ಒಂದು ಸಲೀಸಾಗಿ ಶುದ್ಧವಾದರೆ ಇನ್ನೊಂದು ಯಾವ ಯಂತ್ರಕ್ಕೂ ಬಗ್ಗದಿರಬಹುದು. ಕಸ ಎಷ್ಟಿದೆ ಎಂಬುದಕ್ಕಿಂತ ಅದು ಇದ್ದಲಿನೊಳಗೆ ಹೇಗೆ ಸೇರಿಕೊಂಡಿದೆ ಎಂಬುದೇ ಮುಖ್ಯ. ಅದನ್ನು ತಿಳಿಸುವುದು ತೇಲು-ಮುಳುಗು ಪರೀಕ್ಷೆ.

ನೀರಿಗೆ ಹೋಲಿಸಿದ ಭಾರವನ್ನು, ಅಂದರೆ ಸಾಪೇಕ್ಷ ಸಾಂದ್ರತೆಯನ್ನು, ನೋಡಿದರೆ ಒಳ್ಳೆಯ ಕಲ್ಲಿದ್ದಲು ಸುಮಾರು 1.3, ಜೇಡಿಶಿಲೆ 2ಕ್ಕೂ ಹೆಚ್ಚು, ಪೈರೈಟ್ ಸುಮಾರು 5. ಇವುಗಳ ನಡುವಿನ ಸಾಂದ್ರತೆಯ ದ್ರವದಲ್ಲಿ ಇದ್ದಲು ತೇಲಿ ಕಲ್ಲು ಮುಳುಗಬೇಕು. ಉಕ್ಕಿನ ತಯಾರಿಕೆಯಿಂದ ಹೆಸರಾದ ಹೆನ್ರಿ ಬೆಸೆಮರ್ ಭಾರವಾದ ಲವಣದ್ರಾವಣಗಳಲ್ಲಿ ಕಲ್ಲಿದ್ದಲನ್ನು ಬೇರ್ಪಡಿಸುವ ವಿಧಾನಕ್ಕೆ 1858ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೂ ಗಣಿಗಳಲ್ಲಿ ನೆಲೆಯೂರಿದ್ದು ನೀರನ್ನು ಮೇಲಕ್ಕೂ ಕೆಳಕ್ಕೂ ಮಿಡಿಯಿಸಿ ಹಗುರ ತುಂಡುಗಳನ್ನು ಮೇಲೆ ತರುವ ಜಿಗ್ ಯಂತ್ರಗಳು.

ಪ್ರಯೋಗಾಲಯದ ಪರೀಕ್ಷೆ ನಿಧಾನದ್ದು. ಕಲ್ಲಿದ್ದಲನ್ನು ಜರಡಿ ಹಿಡಿದು ಗಾತ್ರವಾರು ಬೇರ್ಪಡಿಸಿ, ಒಂದೊಂದು ಪಾಲನ್ನೂ ಸತು ಕ್ಲೋರೈಡಿನ ದ್ರಾವಣದಲ್ಲೋ, ಬೆಂಜೀನ್, ಬ್ರೋಮೋಫಾರ್ಮ್‌ನಂಥ ಸಾವಯವ ದ್ರವಗಳ ಮಿಶ್ರಣದಲ್ಲೋ ಅದ್ದುತ್ತಾರೆ. ಸಾಂದ್ರತೆ 1.3ರ ದ್ರವದಲ್ಲಿ ತೇಲಿದ್ದನ್ನು ಸೋಸಿ ತೆಗೆದು, ಮುಳುಗಿದ್ದನ್ನು 1.4ರ ದ್ರವಕ್ಕೆ, ಅಲ್ಲಿ ಮುಳುಗಿದ್ದನ್ನು 1.5ರ ದ್ರವಕ್ಕೆ ಹಾಕುತ್ತ ಹೋಗಿ, ಪ್ರತಿ ಪಾಲನ್ನೂ ತೊಳೆದು, ಒಣಗಿಸಿ, ತೂಗಿ, ಸುಟ್ಟು ಬೂದಿಯನ್ನು ಅಳೆಯುತ್ತಾರೆ. ಈ ದ್ರವಗಳಲ್ಲಿ ಹಲವು ವಿಷಕಾರಿಯಾದ್ದರಿಂದ, ಮೈಮರೆತು ಮಾಡುವ ಕೆಲಸವಲ್ಲ ಇದು.

ಬಂದ ಅಂಕಿಗಳನ್ನು ಓದುವ ಬಗೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. 100 ಕಿಲೋ ಕಲ್ಲಿದ್ದಲಿನಲ್ಲಿ 1.4ರವರೆಗೆ ತೇಲಿದ್ದು 40 ಕಿಲೋ, ಅದರ ಬೂದಿ ಶೇ 12. ಮುಂದಿನ ದ್ರವದಲ್ಲಿ ತೇಲಿದ್ದು 20 ಕಿಲೋ, ಬೂದಿ ಶೇ 24 ಎಂದುಕೊಂಡರೆ, ಎರಡೂ ಸೇರಿ 60 ಕಿಲೋ ಇದ್ದಲು ಶೇ 16ರ ಬೂದಿಯೊಂದಿಗೆ ಸಿಗುತ್ತದೆ. ಹೆಚ್ಚು ಇದ್ದಲು ಬೇಕೆಂದರೆ ಹೆಚ್ಚು ಬೂದಿಯನ್ನು ಒಪ್ಪಬೇಕು. ಈ ಕೊಡುಕೊಳ್ಳುವಿಕೆಯನ್ನು ವಕ್ರರೇಖೆಗಳಾಗಿ ಬರೆದವರು 1905ರಲ್ಲಿ ಹೆನ್ರಿ ಎಂಬ ಇನ್ನೊಬ್ಬರು, ಬೆಸೆಮರ್ ಅಲ್ಲ. 1911ರಲ್ಲಿ ರೈನ್‌ಹಾರ್ಟ್ ಅದನ್ನು ಬೆಳೆಸಿದರು. ಯಾವ ವಾಷರಿಯೂ ಆ ರೇಖೆಯನ್ನು ಮೀರಲಾರದು.

ಇದಕ್ಕಿಂತ ದೊಡ್ಡ ಹೆಜ್ಜೆ ಎನ್ನಬೇಕಾದ್ದು ಅಮೆರಿಕದ ಬಿ.ಎಂ. ಬರ್ಡ್ 1928ರಲ್ಲಿ ಮುಂದಿಟ್ಟ ಅಳತೆ. ಬೇರ್ಪಡಿಸುವ ಸಾಂದ್ರತೆಗಿಂತ 0.1ರಷ್ಟು ಮೇಲಿನಿಂದ 0.1ರಷ್ಟು ಕೆಳಗಿನವರೆಗೆ ಬರುವ ಪಾಲು ಎಷ್ಟೆಂದು ಅವರು ನೋಡಿದರು. ಅತ್ತ ಇದ್ದಲೂ ಅಲ್ಲದ, ಇತ್ತ ಕಲ್ಲೂ ಅಲ್ಲದ ಈ ಸಮೀಪ ಸಾಂದ್ರತೆಯ ತುಂಡುಗಳೇ ಯಂತ್ರವನ್ನು ದಾರಿ ತಪ್ಪಿಸುವಂಥವು. ಅವು ಶೇ 7ರೊಳಗಿದ್ದರೆ ತೊಳೆಯುವುದು ಸುಲಭ, ಶೇ 25 ದಾಟಿದರೆ ಅತಿ ದುಸ್ತರ.

ಭಾರತದ ಗೊಂಡ್ವಾನ ಕಲ್ಲಿದ್ದಲು ಬಹುಮಟ್ಟಿಗೆ ಕಷ್ಟದ ಪಂಗಡಕ್ಕೇ ಸೇರುತ್ತದೆ. ಸಸ್ಯರಾಶಿ ಪ್ರವಾಹದಲ್ಲಿ ಹೂಳಿನೊಂದಿಗೆ ಕೊಚ್ಚಿಬಂದು ನೆಲೆಗೊಂಡದ್ದರಿಂದ ಖನಿಜದ ಕಣಗಳು ಇದ್ದಲಿನೊಳಗೇ ಸೂಕ್ಷ್ಮವಾಗಿ ಬೆರೆತಿವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಉಕ್ಕಿನ ಕಾರ್ಖಾನೆಗಳಿಗೆ ಕೋಕ್ ಒದಗಿಸಲು 1950ರ ದಶಕದ ಮೊದಲಲ್ಲೇ ಪಶ್ಚಿಮ ಬೊಕಾರೊ ಮತ್ತು ಜಾಮಾಡೋಬಾದಲ್ಲಿ ವಾಷರಿಗಳು ಬಂದವು. 1950ರಲ್ಲಿ ಧನಬಾದ್ ಬಳಿಯ ದಿಗ್ವಾಡಿಯಲ್ಲಿ ಆರಂಭವಾದ ಕೇಂದ್ರ ಇಂಧನ ಸಂಶೋಧನಾ ಸಂಸ್ಥೆಯು ದೇಶದ ಕಲ್ಲಿದ್ದಲಿನ ತೊಳೆಯುವ ಗುಣವನ್ನು ಶ್ರದ್ಧೆಯಿಂದ ಪರಿಶೀಲಿಸಿತು. ಶುದ್ಧ ಇದ್ದಲು ಮತ್ತು ತ್ಯಾಜ್ಯದ ನಡುವೆ ಮಿಡ್ಲಿಂಗ್ಸ್ ಎಂಬ ಮೂರನೆಯ ಉತ್ಪನ್ನವನ್ನೂ ತೆಗೆದು ವಿದ್ಯುತ್ ಕೇಂದ್ರಗಳಿಗೆ ಕಳಿಸುವ ಪದ್ಧತಿ ಬೆಳೆದದ್ದು ಇಂಥ ಕಲ್ಲಿದ್ದಲಿನಿಂದಲೇ.

ಗಣಿಯಿಂದ 1,000 ಕಿಲೋಮೀಟರಿಗೂ ದೂರದ ವಿದ್ಯುತ್ ಕೇಂದ್ರಗಳು ಶೇ 34ಕ್ಕಿಂತ ಹೆಚ್ಚು ಬೂದಿಯ ಕಲ್ಲಿದ್ದಲನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 1997ರಲ್ಲಿ ಹೊರಡಿಸಿದ ಅಧಿಸೂಚನೆ ಈ ಪರೀಕ್ಷೆಗೆ ಹೊಸ ಕೆಲಸ ಕೊಟ್ಟಿತು. ಒಡಿಶಾದ ಗಣಿಗಳಿಂದಲೂ ಕಲ್ಲಿದ್ದಲು ತರಿಸುವ ರಾಯಚೂರಿನಂಥ ಕೇಂದ್ರಗಳಿಗೆ ಇದು ದೂರದ ಮಾತಾಗಿರಲಿಲ್ಲ. 2020ರಲ್ಲಿ ಆ ಮಿತಿ ರದ್ದಾಯಿತು. ಗಟ್ಟಿಯಾಗಿ ಬೆರೆತ ಕಸವನ್ನು ಬಿಡಿಸಲು ಕಲ್ಲಿದ್ದಲನ್ನು ಇನ್ನೂ ಸಣ್ಣಗೆ ಒಡೆದು ಮತ್ತೆ ಪರೀಕ್ಷಿಸುವ ಕೆಲಸ ಮಾತ್ರ ಸಾಗಿದೆ. ಅರ್ಧ ಮಿಲಿಮೀಟರಿಗಿಂತ ಕಿರಿದಾದ ಪುಡಿ ದ್ರವದಲ್ಲಿ ಬೇಗ ಇಳಿಯದ ಕಾರಣ, ಅದನ್ನು ತೊಳೆಯಲು ಸಾಂದ್ರತೆಯ ಬದಲು ನೊರೆಗೆ ಅಂಟುವ ಗುಣವನ್ನು ನೆಚ್ಚಬೇಕಾಗುತ್ತದೆ.